ಕಾಂಗ್ ಯಾತ್ಸೆಗೆ ಹೊರಡುವ ಮುನ್ನ: ರಾತ್ರಿಗಳ ಲೆಕ್ಕ

ಲಡಾಖ್‌ನ ಮರ್ಖಾ ಕಣಿವೆಯ ಕಾಂಗ್ ಯಾತ್ಸೆ 2 ಶಿಖರ ಸುಮಾರು 6,250 ಮೀಟರ್ ಎತ್ತರ. ಚಿಕ್ಕಮಗಳೂರಿನಿಂದ ತಂಡ ಹೊರಡಿಸುವಾಗ ನಾವು ಮೊದಲು ಕೂತು ಬರೆದದ್ದು ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಅನ್ನುವುದನ್ನು. ತೆಳು ಗಾಳಿಗೆ ಮೈ ಒಗ್ಗಬೇಕಾದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಮೇಲೇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ವಿಮಾನ ನೇರ 3,500 ಮೀಟರ್‌ನ ಲೇಹ್‌ನಲ್ಲಿ ಇಳಿಸುವುದರಿಂದ ಅಲ್ಲೇ ಮೂರು ರಾತ್ರಿ. ಮುಂದೆ ಸ್ಕಿಯು, ಮರ್ಖಾ, ಹಂಕರ್ ಹಳ್ಳಿಗಳವರೆಗೆ ಏರಿಕೆ ನಿಧಾನ. ಹಂಕರ್‌ನಿಂದ ನಿಮಾಲಿಂಗ್‌ಗೆ ಮಾತ್ರ ಒಂದೇ ಏಟಿಗೆ ಸುಮಾರು 800 ಮೀಟರ್. ಅಗ್ಗದ ಪ್ಯಾಕೇಜುಗಳು ದಿನ ಉಳಿಸುವುದು ಇಲ್ಲೇ, ತಲೆನೋವು ವಾಂತಿ ಹಿಡಿಯುವುದೂ ಇಲ್ಲೇ. ನಾವು ನಡುವೆ ಥಾಚುಂಗ್ತ್ಸೆಯಲ್ಲಿ ಒಂದು ರಾತ್ರಿ, ನಿಮಾಲಿಂಗ್‌ನಲ್ಲಿ ಎರಡು ರಾತ್ರಿ ಇಟ್ಟುಕೊಂಡೆವು. ಬೇಸ್ ಕ್ಯಾಂಪಿನಲ್ಲಿ ಹವೆ ಕೆಟ್ಟರೆ ಕಾಯಲು ಎರಡು ದಿನ ಬೇರೆ.

ಊರಲ್ಲಿ ಅಭ್ಯಾಸಕ್ಕಿರುವ ಮುಳ್ಳಯ್ಯನಗಿರಿ 1,930 ಮೀಟರ್. ಎಷ್ಟು ಸಲ ಹತ್ತಿದರೂ ತೆಳು ಗಾಳಿಗೆ ಮೈ ಒಗ್ಗುವುದಿಲ್ಲ, ಆದರೆ ಕಾಲು ಗಟ್ಟಿಯಾಗುತ್ತದೆ. ಸರ್ಪದಾರಿಯಿಂದ ವಾರಕ್ಕೆರಡು ಸಲ ಹತ್ತಬೇಕು. ಬೆನ್ನಿನ ಹೊರೆ 6 ಕೆಜಿಯಿಂದ ಶುರುಮಾಡಿ ವಾರಕ್ಕೊಂದು ಕೆಜಿ ಏರಿಸುತ್ತಾ 12ಕ್ಕೆ ನಿಲ್ಲಿಸಿ. ಹೊರೆಗೆ ನೀರಿನ ಕ್ಯಾನೇ ಅನುಕೂಲ, ಮಂಡಿ ನೋವಿದ್ದರೆ ಮೇಲೆ ಚೆಲ್ಲಿ ಹಗುರಾಗಿ ಇಳಿಯಬಹುದು. ಹೊಸ ಟ್ರೆಕ್ಕಿಂಗ್ ಶೂ ಪಳಗಿಸುವ ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ಮಲೆನಾಡ ಮಳೆ ಹಿಡಿದ ಮೇಲೆ ಒದ್ದೆ ಶೂ ಒಣಗುವುದೇ ಇಲ್ಲ.

ಹಿಮದ ಬೂಟು, ಅದರ ಅಡಿಗೆ ಸಿಕ್ಕಿಸುವ ಲೋಹದ ಮುಳ್ಳಿನ ಚೌಕಟ್ಟು ಅಂದರೆ ಕ್ರಾಂಪಾನ್ ಬಾಡಿಗೆಗೆ ಸಿಗುತ್ತವೆ. ಎರಡನ್ನೂ ಅಂಗಡಿಯಲ್ಲೇ ಜೋಡಿಸಿ ನೋಡಿ. ಕ್ರಾಂಪಾನ್ ಸಿಕ್ಕಿಸಿ, ಪಟ್ಟಿ ಬಿಗಿಯದೆಯೇ ಬೂಟನ್ನು ಮೇಲೆತ್ತಿದರೆ ಅದು ಕಚ್ಚಿಕೊಂಡೇ ಇರಬೇಕು. ಕಳಚಿ ಬಿದ್ದರೆ ಅಳತೆ ತಪ್ಪಿದೆ. ಪಟ್ಟಿ ಬಿಗಿದು ಸರಿಮಾಡುತ್ತೇನೆ ಅಂದರೆ ಇಳಿಜಾರಿನಲ್ಲಿ ಕೈಕೊಡುತ್ತದೆ. ಪಟ್ಟಿಯ ಉದ್ದ ಬಾಲವನ್ನು ಸಿಕ್ಕಿಸಿಬಿಡಿ, ತುಳಿದು ಮುಗ್ಗರಿಸುವುದು ಅದರಿಂದಲೇ.

ಗೈಡ್ ಸಂಸ್ಥೆಗೆ ದುಡ್ಡು ಕಟ್ಟುವ ಮೊದಲು ಬರಹದಲ್ಲಿ ಉತ್ತರ ಪಡೆಯಿರಿ. ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ಯಾರು ಮಾಡಿಸುತ್ತಾರೆ? ಶಿಖರದ ದಿನ ಒಬ್ಬ ಗೈಡ್‌ಗೆ ಎಷ್ಟು ಜನ? ಮೂರಕ್ಕಿಂತ ಹೆಚ್ಚಿದ್ದರೆ ನಾವು ಒಪ್ಪುವುದಿಲ್ಲ, ಯಾಕೆಂದರೆ ಒಬ್ಬರನ್ನು ಇಳಿಸಬೇಕಾದಾಗ ಉಳಿದವರ ಗತಿಯೇನು? ಆಮ್ಲಜನಕದ ಸಿಲಿಂಡರ್ ಬೇಸ್ ಕ್ಯಾಂಪಿನಲ್ಲೇ ಇರುತ್ತದೋ, ಲೇಹ್‌ನಲ್ಲೋ?

ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ವೈದ್ಯರಿಗೆ ಹೇಳಲೇಬೇಕು. ಮಾತ್ರೆ ನುಂಗಿದರೂ, ಕೂತಲ್ಲೇ ಏದುಸಿರು ಬಂದರೆ, ನೇರ ಗೆರೆಯಲ್ಲಿ ಹೆಜ್ಜೆ ಇಡಲಾಗದಿದ್ದರೆ, ನಡುರಾತ್ರಿಯಾದರೂ ಕೆಳಗಿಳಿಸಿ.

ಶಿಖರಕ್ಕೆ ಹೊರಡುವುದು ಮಧ್ಯರಾತ್ರಿ. ಬಿಸಿಲೇರಿದರೆ ಹಿಮ ಮೆದುವಾಗಿ ಕಾಲು ಹೂತುಹೋಗುತ್ತದೆ, ಹಾಗಾಗಿ ಎಲ್ಲಿದ್ದರೂ ಬೆಳಗ್ಗೆ 9 ಗಂಟೆಗೆ ಹಿಂದಿರುಗುವುದೆಂದು ಊರಲ್ಲೇ ಮಾತಾಗಿರಲಿ. ಹೆಡ್‌ಲ್ಯಾಂಪಿನ ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಬದಿ ಕಡೆಯವರೆಗೂ ತೆರೆಯಲು ಬರುತ್ತದೆ.