ಬಿಡಿಭಾಗಗಳ ವಿಂಗಡಣೆ ಮತ್ತು ಬೆಲೆ: ನನ್ನ ಅನುಭವ

ಶಿವಮೊಗ್ಗದ ಕಾರು ಶೋರೂಮೊಂದರ ಸ್ಪೇರ್ ಪಾರ್ಟ್ಸ್ ವಿಭಾಗದ ಹೊಣೆ ನನಗೆ ಬಂದಾಗ, ಅಲ್ಲಿನ ದಾಸ್ತಾನನ್ನು ಕಂಪನಿಯ ಕ್ಯಾಟಲಾಗಿನಂತೆಯೇ ಎಂಜಿನ್, ಬಾಡಿ, ಎಲೆಕ್ಟ್ರಿಕಲ್ ಎಂದು ಜೋಡಿಸಿಡಲಾಗಿತ್ತು. ಜೂನ್ ತಿಂಗಳ ಒಂದು ಸಂಜೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ವೈಪರ್ ಬ್ಲೇಡ್ ಕೇಳಿಕೊಂಡು ಬಂದರು. ಕಂಪ್ಯೂಟರ್ ಸೊನ್ನೆ ತೋರಿಸಿದ್ದರಿಂದ ಇಲ್ಲವೆಂದು ಹೇಳಿ ಕಳುಹಿಸಿದೆವು. ಮರುದಿನ ರ‍್ಯಾಕಿನ ಧೂಳು ಒರೆಸುವಾಗ ಅದೇ ಬ್ಲೇಡಿನ ಆರು ಪೊಟ್ಟಣಗಳು ಸಿಕ್ಕವು. ಕಂಪನಿಯವರು ಪಾರ್ಟ್ ನಂಬರ್ ಬದಲಿಸಿದ್ದರು. ಪೊಟ್ಟಣದ ಮೇಲಿದ್ದ ಹಳೆಯ ನಂಬರಿಗೂ ಹೊಸದಕ್ಕೂ ನಮ್ಮ ಲೆಕ್ಕದಲ್ಲಿ ಸಂಬಂಧವನ್ನೇ ಕಲ್ಪಿಸಿರಲಿಲ್ಲ. ಅಂಥ ಮಳೆಯಲ್ಲಿ ಅವರನ್ನು ಬರಿಗೈಯಲ್ಲಿ ಕಳುಹಿಸಿದ ಬೇಸರ ಇಂದಿಗೂ ಹೋಗಿಲ್ಲ.

ಮೊದಲು ಹಳೆಯ ಮತ್ತು ಹೊಸ ನಂಬರುಗಳನ್ನು ಜೊತೆಗೂಡಿಸಿದೆ. ಅನಂತರ ಒಂದು ವರ್ಷದ ಜಾಬ್ ಕಾರ್ಡುಗಳನ್ನು, ಅಂದರೆ ಪ್ರತಿ ಕಾರಿನ ಸರ್ವಿಸ್ ವಿವರ ಬರೆದ ಚೀಟಿಗಳನ್ನು, ಮುಂದಿಟ್ಟುಕೊಂಡು, ಯಾವ ಭಾಗ ಯಾವ ತಿಂಗಳಲ್ಲಿ ಎಷ್ಟು ಖರ್ಚಾಗಿದೆ ಎಂದು ಬರೆಯುತ್ತಾ ಹೋದೆ. ಆಗುಂಬೆ, ಹುಲಿಕಲ್ ಘಾಟಿಗಳನ್ನು ದಿನವೂ ಹತ್ತಿಳಿಯುವ ವಾಹನಗಳಿಗೆ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್‌ಗಳು ವರ್ಷವಿಡೀ ಬೇಕು. ವೈಪರ್ ಮತ್ತು ಬಲ್ಬುಗಳ ಬೇಡಿಕೆ ಮೇ ಕೊನೆಯಿಂದ ಏರುತ್ತದೆ. ಹೀಗಾಗಿ ವಾರವಾರ ಹೋಗುವವು, ಆಗೊಮ್ಮೆ ಈಗೊಮ್ಮೆ ಹೋಗುವವು, ಆರು ತಿಂಗಳಾದರೂ ಕದಲದವು ಎಂದು ರ‍್ಯಾಕುಗಳನ್ನು ಮರುಜೋಡಿಸಿದೆ. ಬಾನೆಟ್, ಬಾಗಿಲುಗಳಂಥ ದುಬಾರಿ ಭಾಗಗಳನ್ನು ಈಗ ಮುಂಗಡ ಪಡೆದೇ ತರಿಸುತ್ತೇವೆ. ಆದರೆ ಅಗ್ಗವಾದ ವಸ್ತುವನ್ನು ಅಲಕ್ಷಿಸಬಾರದು: ಆಯಿಲ್ ಡ್ರೈನ್ ಪ್ಲಗ್ಗಿನ ಸಣ್ಣ ವಾಷರ್ ಇಲ್ಲದಿದ್ದರೆ ಇಡೀ ಕಾರು ರ‍್ಯಾಂಪಿನ ಮೇಲೆಯೇ ನಿಲ್ಲುತ್ತದೆ. ದಿನಕ್ಕೆ ಎರಡು ವೈಪರ್ ಜೋಡಿ ಹೋಗುತ್ತಿದ್ದು, ಮಾಲು ಬರಲು ಐದು ದಿನ ಹಿಡಿಯುವುದಾದರೆ, ಹತ್ತು ಜೋಡಿ ಉಳಿದಿರುವಾಗಲೇ ಆರ್ಡರ್ ಹಾಕಬೇಕು. ಮಳೆಗಾಲದಲ್ಲಿ ಅದಕ್ಕೆ ಆರು ಜೋಡಿ ಸೇರಿಸಿ ಹದಿನಾರು ಉಳಿದಿರುವಾಗಲೇ ಹಾಕುತ್ತೇನೆ.

ಬೆಲೆಯಲ್ಲಿ ನಮಗಿರುವ ಸ್ವಾತಂತ್ರ್ಯ ಕಡಿಮೆ. ಎಂಆರ್‌ಪಿಯಲ್ಲಿ ತೆರಿಗೆಯೂ ಸೇರಿರುತ್ತದೆ, ಅದನ್ನು ಮೀರಿ ಮಾರುವಂತಿಲ್ಲ. ಒಂದೇ ಭಾಗ ಎರಡು ಎಂಆರ್‌ಪಿಗಳಲ್ಲಿ ಬಂದಿದ್ದರೆ ಅವನ್ನು ಬೇರೆ ಬೇರೆ ಖಾನೆಗಳಲ್ಲಿಟ್ಟು, ಹಳೆಯದನ್ನು ಮೊದಲು ಕೊಡುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಾಗ ಈ ಖಾನೆಗಳು ನಿಜಕ್ಕೂ ಕೈಹಿಡಿದವು. ತೆರಿಗೆ ಸೇರಿ 1,280 ರೂಪಾಯಿ ಇದ್ದ ಭಾಗದ ಮೂಲಬೆಲೆ 1,000; ಹೊಸ ದರದಲ್ಲಿ ಅದು 1,180 ಆಗಬೇಕು. ಒಟ್ಟು ಮೊತ್ತದಿಂದ ಶೇಕಡ 10 ಕಳೆದು 1,152 ಎಂದು ಬರೆಯುವ ತಪ್ಪು ಸುಲಭವಾಗಿ ನುಸುಳುವಂಥದ್ದು. ಹೆಚ್ಚಿನ ತೆರಿಗೆ ಕೊಟ್ಟು ಕೊಂಡಿದ್ದ ಮಾಲಿನ ತೆರಿಗೆ, ಮುಂದೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತೆ, ನಮ್ಮ ಜಿಎಸ್‌ಟಿ ಖಾತೆಯಲ್ಲಿ ಜಮೆಯಾಗಿದ್ದುದರಿಂದ, ಹಳೆಯ ದಾಸ್ತಾನೆಂಬ ನೆಪ ಹೇಳದೆ ಅಂದಿನಿಂದಲೇ ಹೊಸ ದರದಲ್ಲಿ ಬಿಲ್ ಮಾಡಿದೆವು.