ಹಾಯಿ ಬಿಚ್ಚುವ ಮುನ್ನ ಹವಾಮಾನ ನೋಡುವುದು ಹೇಗೆ?

ಮಂಗಳೂರಿನಿಂದ ಲಕ್ಷದ್ವೀಪದ ಕವರತ್ತಿಗೆ ಹಾಯಿದೋಣಿಯಲ್ಲಿ ಹೊರಡುವವರು ಹೊರಡುವ ದಿನದ ಆಕಾಶ ತಿಳಿಯಾಗಿದೆ ಎಂದು ನಂಬಿ ಹಗ್ಗ ಬಿಚ್ಚಬಾರದು. ದೂರ ಸುಮಾರು 190 ನಾಟಿಕಲ್ ಮೈಲು. ಗಂಟೆಗೆ 5 ಮೈಲಿನಂತೆ ಸಾಗಿದರೂ 38 ತಾಸು ಬೇಕು. ಅಷ್ಟೂ ಹೊತ್ತಿನ ಹವಾಮಾನ ಅನುಕೂಲವಾಗಿರಬೇಕು.

ಮೊದಲು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊರಡುವ ಮಾತೇ ಬೇಡ. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ತೂಫಾನಿನ ಭಯವಿದೆ: 2021ರ ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಹುಟ್ಟಿದ ತೌಕ್ತೆ, ನಮ್ಮ ಕರಾವಳಿಯನ್ನು ಕಾಡಿ, 17ರಂದು ಗುಜರಾತನ್ನು ಅಪ್ಪಳಿಸಿತು. ಜನವರಿಯಿಂದ ಮಾರ್ಚ್‌ವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಆಗ ಬಡಗು, ವಾಯವ್ಯಗಳಿಂದ ಬೀಸುವ ಗಾಳಿ ನೈರುತ್ಯಕ್ಕೆ ಸಾಗುವ ದೋಣಿಗೆ ಬಲಮಗ್ಗುಲಿನಿಂದಲೋ ಹಿಂದಿನಿಂದಲೋ ಸಿಗುತ್ತದೆ.

ನಂತರ ಹವಾಮಾನ ಇಲಾಖೆಯ ಮತ್ತು ಕಡಲಿನ ಸ್ಥಿತಿಗತಿ ತಿಳಿಸುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಗಳನ್ನು ಮೂರ್ನಾಲ್ಕು ದಿನ ಸತತವಾಗಿ ಗಮನಿಸಿ. ದಿನದಿಂದ ದಿನಕ್ಕೆ ಅವು ಬದಲಾಗುತ್ತಿದ್ದರೆ ಕಾಯುವುದೇ ಸರಿ. ಅಲೆಯ ಎತ್ತರ 2 ಮೀಟರ್ ಎಂದಿದ್ದರೆ ಅದು ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ನಡುವೆ ಒಂದೊಂದು ಅಲೆ ಅದರ ಇಮ್ಮಡಿಯಷ್ಟೂ ಏಳಬಹುದು. ವಾಯುಭಾರ ಮಾಪಕವನ್ನು ನಿನ್ನೆಯ ಅದೇ ಹೊತ್ತಿನ ಅಂಕಿಯೊಂದಿಗೇ ಹೋಲಿಸಿ, ಏಕೆಂದರೆ ನಮ್ಮ ಉಷ್ಣವಲಯದಲ್ಲಿ ಅದು ದಿನಕ್ಕೆರಡು ಬಾರಿ ತಾನಾಗಿಯೇ ಏರಿಳಿಯುತ್ತದೆ. 3 ಮಿಲಿಬಾರ್ ಇಳಿದಿದ್ದರೆ ಯಾತ್ರೆಯನ್ನು ಮುಂದೂಡಿ.

ಹೊರಡುವ ತಾಸನ್ನು ತಲುಪುವ ತುದಿಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಬೇಕು. ಕವರತ್ತಿಯ ಹವಳದ ದಿಬ್ಬಗಳು ಬಿಸಿಲು ನೆತ್ತಿಯ ಸಮೀಪವಿದ್ದಾಗ ಮಾತ್ರ ನೀರಿನಡಿ ಸ್ಪಷ್ಟವಾಗಿ ಕಾಣುತ್ತವೆ. ಬೆಳಗಿನ 11ಕ್ಕೆ ಅಲ್ಲಿರಬೇಕಾದರೆ ಎರಡು ರಾತ್ರಿ ಮೊದಲು 9 ಗಂಟೆಗೆ ಇಲ್ಲಿಂದ ಹೊರಡಬೇಕು. ಇರುಳು ನೆಲದ ಕಡೆಯಿಂದ ಬೀಸುವ ಮೂಡುಗಾಳಿಯೂ ಆಗ ದಡ ಬಿಡಿಸಲು ನೆರವಾಗುತ್ತದೆ.

ಆ ಹೊತ್ತಿಗೆ ಉಬ್ಬರವಿರುವ ದಿನವನ್ನೇ ಆರಿಸಿ, ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತದಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳ ನೀರು ಅವು ಕಡಲು ಸೇರುವ ಅಳಿವೆಯಿಂದ ಹೊರಗೆ ನುಗ್ಗಿ, ಒಳಬರುವ ಅಲೆಗೆ ಎದುರಾಗಿ ಅದನ್ನು ಗೋಡೆಯಂತೆ ನಿಲ್ಲಿಸುತ್ತದೆ. ಹಗಲಿರುವಾಗಲೇ ಅಳಿವೆಯ ಪಕ್ಕದ ಮರಳುದಿಣ್ಣೆಯಾದ ಬೆಂಗ್ರೆಯ ತುದಿಯಲ್ಲಿ ಕಾಲು ತಾಸು ನಿಂತು ಅಳಿವೆ ಬಾಗಿಲನ್ನು ನೋಡಿ ಬನ್ನಿ. ಬಿಳಿ ನೊರೆ ಈ ದಡದಿಂದ ಆ ದಡಕ್ಕೆ ತುಂಡಾಗದೆ ಹಬ್ಬಿದ್ದರೆ, ಮುನ್ಸೂಚನೆ ಎಷ್ಟೇ ಚೆನ್ನಾಗಿರಲಿ, ಆ ರಾತ್ರಿ ದೋಣಿ ಬಂದರಿನಲ್ಲೇ ಇರಲಿ.