ತೋರಣಗಲ್ಲಿಗೆ ಅಪ್ಪ-ಅಮ್ಮನನ್ನೂ ಕರೆತಂದವರಿಗೆ

ಸ್ಟೀಲ್ ಫ್ಯಾಕ್ಟರಿ ಕೆಲಸಕ್ಕೆಂದು ಇಲ್ಲಿಗೆ ಬರುವ ಮನೆಗಳಲ್ಲಿ ಲಕ್ವ ಹೊಡೆದ ಅಪ್ಪನೋ ಪಾರ್ಕಿನ್‌ಸನ್ ಇರುವ ಅಮ್ಮನೋ ಇರುವುದು ಅಪರೂಪವಲ್ಲ. ಸ್ನಾನ, ಊಟ, ಶೌಚ ಎಲ್ಲಕ್ಕೂ ಒಬ್ಬರು ಜೊತೆಗಿರಬೇಕು. ಇದಕ್ಕೆ ಸರ್ಕಾರದಿಂದ ಏನು ಸಿಗುತ್ತದೆ ಎಂದು ಕೇಳಿದವರಿಗೆಲ್ಲ ಬಲ್ಲವರು ಹೇಳುವುದು ಒಂದೇ ಮಾತು: ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ.

"ವಯಸ್ಸಾಯ್ತು, ಇದೆಲ್ಲ ಇದ್ದದ್ದೇ" ಎಂದು ಬಿಡಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಪಾರ್ಕಿನ್‌ಸನ್ ಕೂಡ ಸೇರಿದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ವೈಕಲ್ಯ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಹಳೆಯ ಚಿಕಿತ್ಸೆಯ ಕಾಗದಗಳನ್ನೆಲ್ಲ ಒಯ್ಯಿರಿ. ಮುಂದಿನದೆಲ್ಲ ಆ ಶೇಕಡಾ ಮೇಲೆಯೇ ನಿಂತಿದೆ.

ಯಾವ ಜಿಲ್ಲೆಗೆ ಹೋಗಬೇಕು ಎನ್ನುವಲ್ಲೇ ಹೊಸಬರು ದಾರಿ ತಪ್ಪುವುದು. ರೈಲು ಹತ್ತಿದರೆ ಹೊಸಪೇಟೆ ಹತ್ತಿರವೇ, ಆದರೆ 2021ರಲ್ಲಿ ಅದು ವಿಜಯನಗರ ಜಿಲ್ಲೆಗೆ ಹೋಯಿತು. ನಾವು ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ. ಆಧಾರ್‌ನಲ್ಲಿ ಹಳೆಯ ಊರಿನ ವಿಳಾಸವಿದ್ದರೆ ಅದನ್ನು ಮೊದಲು ಬದಲಿಸಿಕೊಳ್ಳಿ.

ಈಗ ದುಡ್ಡಿನ ವಿಷಯ. ರಾಜ್ಯದ ಅಂಗವಿಕಲ ಮಾಸಾಶನ ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಜಾಸ್ತಿಯಿದ್ದರೆ 1,400. 65 ದಾಟಿದ ಬಡ ಕೃಷಿ ಕೂಲಿಗಳು, ಸಣ್ಣ ರೈತರು, ನೇಕಾರರಂಥವರಿಗೆ ಸಂಧ್ಯಾ ಸುರಕ್ಷಾ ಎಂಬ ಮಾಸಾಶನ 1,200. ಎರಡೂ ಒಟ್ಟಿಗೆ ಬರುವುದಿಲ್ಲ. ಹಾಗಾಗಿ ಶೇ 60 ವೈಕಲ್ಯವಿರುವ ಅಜ್ಜನಿಗೆ ಸಂಧ್ಯಾ ಸುರಕ್ಷಾದ ಅರ್ಹತೆ ಇದ್ದರೆ ಅದೇ ಲಾಭ. ಶೇ 80 ಇದ್ದರೆ ಅಂಗವಿಕಲ ಮಾಸಾಶನವೇ ಮೇಲು. ಎರಡಕ್ಕೂ ಅರ್ಜಿ ನಾಡಕಚೇರಿಯಲ್ಲಿ. ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ.

ಆದರೆ ಆದಾಯದ ಮಿತಿ 32 ಸಾವಿರ. ತಿಂಗಳಿಗಲ್ಲ, ವರ್ಷಕ್ಕೆ! ಖಾಯಂ ಸಂಬಳದ ಮನೆಗೆ ಇದು ದಕ್ಕುವುದಿಲ್ಲ. ಸುಮ್ನೆ ಏಜೆಂಟರ ಕೈಗೆ ದುಡ್ಡು ಸುರಿದು ಸುಳ್ಳು ಆದಾಯ ಪತ್ರ ಮಾಡಿಸಬೇಡಿ.

ಸಂಬಳದವರಿಗೆ ಬೇರೆ ದಾರಿ ಇದೆ, ಹೇಳುವವರು ಕಡಿಮೆ ಅಷ್ಟೆ. 80ಡಿಡಿ ಎಂದು ಎಲ್ಲರೂ ಕರೆಯುವ ತೆರಿಗೆ ಕಡಿತ ಅದು. ನಿಮ್ಮನ್ನೇ ನಂಬಿರುವ ತಂದೆ-ತಾಯಿಗೆ ಶೇ 40 ವೈಕಲ್ಯವಿದ್ದರೆ ನಿಮ್ಮ ಆದಾಯದಲ್ಲಿ 75 ಸಾವಿರ ಕಳೆಯಬಹುದು, ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ. ಆರೈಕೆಗೆ ಖರ್ಚು ಕಡಿಮೆ ಆಗಿದ್ದರೂ ಪೂರ್ತಿ ಮೊತ್ತವೇ ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದು. ಆದ್ದರಿಂದ ಕಂಪನಿಯ ಎಚ್‌ಆರ್‌ಗೆ "ಹೊಸ ಪದ್ಧತಿ" ಎಂದು ಬರೆದುಕೊಡುವ ಮೊದಲು ಎರಡನ್ನೂ ಲೆಕ್ಕ ಹಾಕಿ ನೋಡಿ.

ಆರೈಕೆ ಮಾಡುವವರ ಹೆಸರಿನಲ್ಲೇ ಏನಾದರೂ ಉಂಟಾ? ಉಂಟು, ಆದರೆ ಎಲ್ಲರಿಗೂ ಅಲ್ಲ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್‌ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ರಾಜ್ಯದ 2024-25ರ ಬಜೆಟ್‌ನಲ್ಲಿ ಘೋಷಿಸಿದರು. ಲಕ್ವ ಆ ಪಟ್ಟಿಯಲ್ಲಿಲ್ಲ. ಹಾಸಿಗೆ ಹಿಡಿದವರಲ್ಲಿ ಲಕ್ವದವರೇ ಎಷ್ಟೋ ಮಂದಿ, ಅವರನ್ನು ಬಿಟ್ಟದ್ದು ಸರಿಯಲ್ಲ ಅಲ್ವಾ?

ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವೈಕಲ್ಯ ಇರುವವರೇ, ಕಚೇರಿಗಳ ಒಳಹೊರಗು ಚೆನ್ನಾಗಿ ಗೊತ್ತು. ಅವರನ್ನು ಒಮ್ಮೆ ಭೇಟಿಯಾಗಿ. ಹಿರಿಯರಿಗಾಗಿಯೇ ಇರುವ ಉಚಿತ ಸಹಾಯವಾಣಿ 14567.